ಬಾಡಿಗೆಗಿಟ್ಟ ಮುಖಗಳು

ಶಿವಮಲ್ಲುವಿನ ಸ್ಟುಡಿಯೋದಲ್ಲಿದ್ದ ಅಷ್ಟೂ ಮುಖಗಳನ್ನು ಅಳಿಸಿಹಾಕಿದವನು ನಾನು. ಅವನಲ್ಲ. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಯಾರನ್ನು ಕೇಳಿದರೂ ‘ಅವನೇ ಏನೋ ಒತ್ತಿಬಿಟ್ಟನಂತೆ’ ಎನ್ನುತ್ತಾರೆ. ಅವನೂ ಹಾಗೆಂದೇ ನಂಬಿದ್ದಾನೆ. ನಂಬಿಸಿದವನು ನಾನು — ಅದೂ ಒಂದೇ ಒಂದು ಮಾತಿನಲ್ಲಿ. ಹೆಚ್ಚು ಶ್ರಮವನ್ನೂ ಪಡಲಿಲ್ಲ.

ನಾನು ಚಾಮರಾಜನಗರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮೇಷ್ಟ್ರು. ಟೈಪ್‌ರೈಟರುಗಳು ಒಂದೊಂದಾಗಿ ಶಿವೈಕ್ಯವಾದ ಮೇಲೆ ಅದೇ ಬೋರ್ಡಿಗೆ ಹೊಸ ಬಣ್ಣ ಬಳಿಸಿ ಕಂಪ್ಯೂಟರ್ ಕೇಂದ್ರ ಮಾಡಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಲೋಕಕ್ಕೆ ಯಾವ ಹಾನಿಯೂ ಆಗುತ್ತಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯೊಂದು ನನ್ನನ್ನು ಎರಡು ತಾಲ್ಲೂಕುಗಳ ಅಧಿಕೃತ ಪ್ರತಿನಿಧಿಯನ್ನಾಗಿ ನೇಮಿಸಿಕೊಂಡಿತು. ಆ ಪದವಿಯನ್ನು ವಿಸಿಟಿಂಗ್ ಕಾರ್ಡಿನಲ್ಲಿ ನನ್ನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ನಾನು ಮಾರಬೇಕಿದ್ದದ್ದು ಫೋಟೋ ಸ್ಟುಡಿಯೋದವರಿಗಾಗಿ ಮಾಡಿದ ಒಂದು ಸಾಫ್ಟ್‌ವೇರು. ತೆಗೆದ ಫೋಟೋಗಳೆಲ್ಲ ಎಲ್ಲೋ ದೂರದ ಕಂಪನಿಯ ಯಂತ್ರಗಳಲ್ಲಿ ಇರುತ್ತವೆ; ಅಂಗಡಿಯಲ್ಲಿ ಕೂತು ಬೇಕಾದಾಗ ತೆಗೆದುಕೊಳ್ಳಬಹುದು. ಕಂಪನಿಯವರು ಇದನ್ನು ‘ಕ್ಲೌಡ್’, ಅಂದರೆ ಮೋಡ ಎನ್ನುತ್ತಿದ್ದರು. ಮಾರುವುದು ಎಂದೆನಲ್ಲ — ಆ ಪದದಲ್ಲೇ ನಾನು ಎಡವಿದ್ದು.

ಶಿವಮಲ್ಲು ನನ್ನ ಹಳೆಯ ಶಿಷ್ಯ, ಗುಂಡ್ಲುಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮನೆಯವರು ಓಡುವುದು ಸ್ಟುಡಿಯೋಗೆ. ಬದುಕಿದ್ದಾಗ ಒಂಟಿಯಾಗಿ ಫೋಟೋ ತೆಗೆಸಿಕೊಂಡವರು ಕಡಿಮೆ. ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ ಅರ್ಧ ಕಾಣುವಂತೆ ನಿಂತಿರುತ್ತಾರೆ. ಶಿವಮಲ್ಲು ಆ ಮುಖವನ್ನು ಹುಡುಕಿ ಬಿಡಿಸಿ, ಪಕ್ಕದವರ ಭುಜ ಅಳಿಸಿ, ಕತ್ತಿನ ಕೆಳಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ಕೂಡಿಸಿ, ಕಾರ್ಯದ ದಿನಕ್ಕೆ ಚೌಕಟ್ಟು ಹಾಕಿಕೊಡುತ್ತಿದ್ದ. ಕುದೇರಿನಿಂದ ಬೇಗೂರಿನವರೆಗೆ ಗೋಡೆಯ ಮೇಲಿರುವ ಗಂಡಸರೆಲ್ಲ ಒಂದೇ ಶರ್ಟು ತೊಟ್ಟಿರುವುದರ ಗುಟ್ಟು ಇದು. ಹೀಗಾಗಿ ಅವನು ಒಂದು ಫೋಟೋವನ್ನೂ ಎಸೆದವನಲ್ಲ, ಎಲ್ಲವನ್ನೂ ಡಿಸ್ಕುಗಳಲ್ಲಿ ತುಂಬಿಟ್ಟಿದ್ದ. ಯಾರ ಮುಖ ಯಾವಾಗ ಬೇಕಾಗುತ್ತದೋ —

ಅವನಿಗೆ ನಾನು ಸಾಫ್ಟ್‌ವೇರಿನ ಮಹಿಮೆಯನ್ನು ಬೋಧಿಸಿದೆ. ಅವನು ಕೇಳಿದ್ದು ಎರಡೇ ಪ್ರಶ್ನೆ.

“ಮೇಷ್ಟ್ರೇ, ಇದು ನಂದೇ ಆಯ್ತದಾ?”

“ನಿಂದೇ ಕಣೋ. ನಿನ್ನ ಕಾಲಕ್ಕೂ, ನಿನ್ನ ಮಕ್ಕಳ ಕಾಲಕ್ಕೂ.”

“ಅಳೇ ಡಿಸ್ಕ್‌ಗಳ್ನ ಏನ್ ಮಾಡ್ಲಿ? ಒಂದೆರಡು ಕೆಟ್ಟೂ ಓಗವೆ.”

“ಗುಜರಿಗೆ ಹಾಕು.”

ಫೋಟೋಗಳನ್ನೆಲ್ಲ ಏರಿಸಿದ ಮೇಲೆ ಅವನು ಹಾಕಿಯೇಬಿಟ್ಟ. ಮೇಷ್ಟ್ರ ಮಾತು ನೋಡಿ.

ಕೆಲವು ತಿಂಗಳಾದ ಮೇಲೆ ಕಂಪನಿ ನಮ್ಮನ್ನೆಲ್ಲ ಮೈಸೂರಿಗೆ ಕರೆಸಿ ತರಬೇತಿ ಕೊಟ್ಟಿತು. ಒಬ್ಬ ಹೆಣ್ಣುಮಗಳು ಬಹಳ ಸ್ಪಷ್ಟವಾಗಿ ವಿವರಿಸಿದಳು. “ಇಲ್ಲಿ ಯಾರೂ ಏನನ್ನೂ ಕೊಳ್ಳುವುದಿಲ್ಲ ಸರ್. ಬಂದು ಇರ್ತಾರೆ, ಅಷ್ಟೆ. ಅವರು ಎಷ್ಟು ವರ್ಷ ಇರ್ತಾರೆ ಅನ್ನೋದರ ಮೇಲೇ ನಮ್ಮ ವ್ಯಾಪಾರ ನಿಂತಿದೆ.” ಯಾರೋ ಕೇಳಿದರು, ಚಂದಾ ನಿಲ್ಲಿಸಿದರೆ? “ಸ್ವಲ್ಪ ದಿನ ಕಾಯ್ತೀವಿ. ನೆನಪು ಮಾಡ್ತೀವಿ. ಆಮೇಲೆ ಜಾಗ ಖಾಲಿ ಮಾಡ್ತೀವಿ.”

ನನಗೆ ಅರ್ಥವಾಗಲಿಲ್ಲ ಎಂದು ಹೇಳುವಂತಿದ್ದರೆ ಎಷ್ಟು ಚೆನ್ನಾಗಿತ್ತು. ಅರ್ಥವಾಯಿತು. ಪೂರ್ತಿ ಅರ್ಥವಾಯಿತು. ಸಾಫ್ಟ್‌ವೇರೂ ಅವರದು, ಜಾಗವೂ ಅವರದು, ಶಿವಮಲ್ಲು ಅಲ್ಲಿ ಒಕ್ಕಲು ಮಾತ್ರ. ನಾನು ಗಂಭೀರವಾಗಿ ತಲೆದೂಗಿ, ಕೊಟ್ಟ ಮೈಸೂರು ಪಾಕನ್ನು ತಿಂದು, ಊರಿಗೆ ಬಂದೆ.

ಹೇಳಬೇಕೆಂದೇ ಗುಂಡ್ಲುಪೇಟೆಗೆ ಹೋದೆ. ಸ್ಟುಡಿಯೋದಲ್ಲಿ ಗಿರಾಕಿಗಳಿದ್ದರು. ಶಿವಮಲ್ಲು ಎದ್ದು ನಿಂತು, “ಇವ್ರೇ ಕಣ್ರಪ್ಪ ನಮ್ ಮೇಷ್ಟ್ರು. ನಿಮ್ ಮೊಕಗಳ್ನೆಲ್ಲ ಮ್ವಾಡ್ದಲ್ಲಿ ಮಡ್ಗ್‌ಸಿರೋ ಪುಣ್ಯಾತ್ಮ್ರು” ಎಂದ. ಅವರು ಕೈಮುಗಿದರು. ನಾನು ಆಶೀರ್ವದಿಸುವವನಂತೆ — ಹೌದು, ಹಾಗೆಯೇ — ಕೈ ಎತ್ತಿದೆ. ಆಮೇಲೆ ‘ನಾನು ಹೇಳಿದ್ದು ತಪ್ಪು, ಒಂದು ಹೊಸ ಡಿಸ್ಕಿಗೂ ಇಳಿಸಿಟ್ಟುಕೋ’ ಎಂದು ಹೇಗೆ ಹೇಳುವುದು? ಹೇಳಬಹುದಿತ್ತು. ಒಂದು ವಾಕ್ಯ. ಹೇಳಲಿಲ್ಲ.

ಖಾತೆ ನನ್ನ ಹೆಸರಿನಲ್ಲೇ ಇತ್ತು. ವರ್ಷಾವರ್ಷ ಚಂದಾ ಕಟ್ಟಿ ನವೀಕರಿಸುವ ಹೊಣೆಯನ್ನೂ ನಾನೇ ದೊಡ್ಡಸ್ತಿಕೆಯಿಂದ ಹೊತ್ತಿದ್ದೆ. ಒಂದು ವರ್ಷ ನನ್ನ ಕೇಂದ್ರ ಮುಚ್ಚಿತು. ಮನಸ್ಸಿಗೆ ಮಂಕು ಕವಿದಿತ್ತು. ಕಂಪನಿಯ ಎಚ್ಚರಿಕೆಗಳು ಫೋನಿಗೆ ಬಂದವು, ಓದಿದೆ. ನಾಳೆ ಎಂದೆ. ಮರೆತೆನೆಂದು ಹೇಳಲಾರೆ. ಒಳಗೊಳಗೇ ಒಂದು ಧೈರ್ಯ — ನಮ್ಮ ಬೀದಿಯ ಟೈಲರು, ಹೊಲಿದಿಟ್ಟ ರವಿಕೆಯನ್ನು ಯಾರೂ ಒಯ್ಯದಿದ್ದರೂ ವರ್ಷಗಟ್ಟಲೆ ಮೊಳೆಗೆ ತೂಗುಹಾಕಿರುತ್ತಾನೆ. ಕೇಳಿದರೆ “ಬತ್ತಾರೆ ಬುಡಿ, ಎಲ್ಲೋದಾರು” ಎನ್ನುತ್ತಾನೆ. ಕಂಪನಿಯೂ ಹಾಗೇ ಇರುತ್ತದೆಂದುಕೊಂಡೆ. ವ್ಯಾಪಾರದ ಲೆಕ್ಕ ಅರ್ಥವಾಗಿತ್ತು. ಅದಕ್ಕೊಂದು ಟೈಲರನ ಮುಖ ಅಂಟಿಸಿಕೊಂಡು ನಿದ್ದೆ ಮಾಡಿದೆ.

ಅದಕ್ಕೆ ಸುಮಾರು ಒಂದು ವರ್ಷದ ಹಿಂದೆ ಶಿವಮಲ್ಲುವಿನ ಹೆಂಡತಿ ಚಿಕ್ಕತಾಯಮ್ಮ ತೀರಿಕೊಂಡಿದ್ದಳು. ಆಕೆಗೆ ಕ್ಯಾಮೆರಾ ಎಂದರೆ ಆಗದು. ಮದುವೆಯ ಫೋಟೋದಲ್ಲೂ ಸೆರಗು ಮುಖದ ಮೇಲಿತ್ತಂತೆ. ಒಂದೇ ಒಂದು ಸಲ, ಚೆಂಡುಹೂವಿನ ಹೊಲದಲ್ಲಿ, ತಲೆಗೆ ಟವೆಲು ಸುತ್ತಿಕೊಂಡು ಹೂ ಕೀಳುತ್ತಿದ್ದಾಗ ಅವನು ಕದ್ದು ಕ್ಲಿಕ್ಕಿಸಿದ್ದ. ಆಕೆ ತಿರುಗಿ, “ಕ್ಯಾಮೆ ಇಲ್ವಾ ನಿಮ್ಗೆ? ಬುಡಿ ಅತ್ಲಾಗೆ!” ಎಂದು ಬೈಯುತ್ತಿರುವ ಮುಖ. ತೀರಿಕೊಂಡ ದಿನಗಳಲ್ಲಿ ಆ ಮುಖ ತೆರೆದು ನೋಡಲು ಅವನಿಗೆ ಮನಸ್ಸು ಬಂದಿರಲಿಲ್ಲ; ವರ್ಷದ ಕಾರ್ಯಕ್ಕೆ ಅದನ್ನೇ ದೊಡ್ಡದು ಮಾಡಿಸಬೇಕೆಂದು ಅವನು ಕಂಪ್ಯೂಟರ್ ತೆರೆದ.

ಏನೂ ಇರಲಿಲ್ಲ.

ಅವನು ಫೋನು ಮಾಡಿ ಕರೆಸಿದ. ನಾನು ಹೋದಾಗ ಅಂಗಡಿಯಲ್ಲಿ ಜನ ತುಂಬಿದ್ದರು. ಮಗುವಿನ ನಾಮಕರಣದವರು, ಅಜ್ಜನ ಮುಖ ಕೇಳಿಕೊಂಡು ಬಂದವರು. ಬಾಗಿಲಾಚೆ ನಿಂತು ಕಂಪನಿಗೆ ಫೋನು ಮಾಡಿದೆ. ವಿನಯವಾದ ದನಿಯೊಂದು, ಜಾಗ ಖಾಲಿಯಾಗಿದೆ, ಇನ್ನು ಏನೂ ಮಾಡಲಾಗದು ಎಂದಿತು. ಒಳಗೆ ಬಂದೆ. ಶಿವಮಲ್ಲು ಬೆವರುತ್ತಿದ್ದ.

“ಮೇಷ್ಟ್ರೇ, ನಾನೇ ಏನಾರ ಒತ್ಬುಟ್ನಾ? ಮೊನ್ನೆ ಯಾವ್ದೋ ಒಂದ್ ಬಂತು, ಗೊತ್ತಾಗ್ದೆ ಒತ್ದೆ. ಅದ್ರಿಂದಾನಾ?”

ಎಲ್ಲರೂ ನನ್ನ ಮುಖ ನೋಡಿದರು. ನಾನು ಕನ್ನಡಕ ಸರಿಮಾಡಿಕೊಂಡೆ. “ಇರಬಹುದು” ಎಂದೆ.

ಅಷ್ಟೇ. ಇರಬಹುದು.

ಊರು ಬಾಯಿಗೆ ಬಂದಂತೆ ಆಡಿತು. “ನಮ್ ಮದ್ವೇಲಿ ಕರ್ದು ಕರ್ದು ಪಾಯ್ಸ ಇಕ್ಕುಸ್ಕಂಡ್ನಲ್ಲಾ, ಅದ್ನ ಅಳಿಸ್ಕಳ್ನಿಲ್ವಂತಾ?” ಎಂದು ಒಬ್ಬಾಕೆ ಬೀದಿಯಲ್ಲೇ ಕೇಳಿದಳು. ಕುದೇರಿನ ಮುದುಕನೊಬ್ಬ ಬೈಯಲೇ ಇಲ್ಲ. ಜಗಲಿಯ ಮೇಲೆ ಕೂತು, “ನನ್ ಮಗಂದು ಒಂದೇ ಇತ್ತು ಕಣಪ್ಪ” ಎಂದು ಎದ್ದು ಹೋದನಂತೆ. ಚಿಕ್ಕತಾಯಮ್ಮನ ಕಾರ್ಯಕ್ಕೆ ನಾನು ಹೋಗಿದ್ದೆ. ಫೋಟೋ ಇರಬೇಕಾದಲ್ಲಿ ಆಕೆಯ ಸೀರೆಯೊಂದನ್ನು ಮಡಿಸಿಟ್ಟು ಹೂ ಹಾಕಿದ್ದರು. ನಾನೂ ಹಾಕಿದೆ. ಆ ವರ್ಷವೇ ಸ್ಟುಡಿಯೋ ಮುಚ್ಚಿತು.

ಶಿವಮಲ್ಲು ಈಗ ಬೇಗೂರಿನಲ್ಲಿ ಹೆದ್ದಾರಿ ಪಕ್ಕ ಟೀ ಮಾರುತ್ತಾನೆ. ಹೋದ ತಿಂಗಳು ಗಟ್ಟಿ ಮನಸ್ಸು ಮಾಡಿ ಹೋದೆ. ಬೆಂಚು ಒರೆಸಿ ಕೂರಿಸಿದ. ಬಂಡೀಪುರದ ಕಡೆ ಹೊರಟಿದ್ದ ಕೇರಳದ ಸಂಸಾರವೊಂದು ಟೀ ಕುಡಿದು, ಫೋನು ಚಾಚಿ, “ಚೇಟ್ಟಾ, ಒರು ಫೋಟೋ” ಎಂದಿತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ — ಕಾದ ಪಾತ್ರೆ ಮುಟ್ಟಿದವನ ಹಾಗೆ.

“ನನ್ ಕೈಲಿ ಬ್ಯಾಡಿ ಸಾಮಿ. ನನ್ ಕೈ ಸರಿಗಿಲ್ಲ. ಮೇಷ್ಟ್ರೇ, ನೀವ್ ಒತ್ತಿ.”

ಒತ್ತಿದೆ. ನಾನೇ ಒತ್ತಿದೆ.

ಅವರು ಹೋದ ಮೇಲೆ, ಸೋಸುವ ಬಟ್ಟೆ ಹಿಂಡುತ್ತಾ ತನಗೆ ತಾನೇ ಎಂಬಂತೆ ಹೇಳಿದ: “ಅವ್ಳ ಮೊಕ ಗ್ಯಾಪ್ಕಕ್ ಬತ್ತದೆ ಮೇಷ್ಟ್ರೇ. ಬಯ್ಯೋವಾಗ ಕಣ್ಣುಬ್ಬು ಎಂಗ್ ಮಾಡೋಳು ಅನ್ನೋದು ಮಾತ್ರ... ಮರ್ತೋಯ್ತಾ ಅದೆ.” ನಾನು ಟೀ ಮುಗಿಸಿ ಬಸ್ಸು ಹತ್ತಿದೆ.

ಬರುವ ಸೋಮವಾರ ಮತ್ತೆ ಹೋಗುತ್ತೇನೆ. ಮೊದಲು ಅವನನ್ನು ಪಕ್ಕಕ್ಕೆ ಕರೆದು ಹೇಳೋಣ ಎಂದುಕೊಂಡಿದ್ದೆ — ಅದೂ ನನ್ನ ಮಾನ ಉಳಿಸಿಕೊಳ್ಳುವ ಉಪಾಯವೇ. ಅಂದು ‘ಇರಬಹುದು’ ಎಂದದ್ದು ಜನರ ಮುಂದೆ. ಇದನ್ನೂ ಬೆಂಚಿನ ಮೇಲೆ ಕೂತವರೆಲ್ಲ ಕೇಳುವಂತೆ ಹೇಳುತ್ತೇನೆ. ಆಮೇಲೆ ಗುಂಡ್ಲುಪೇಟೆಯ ಆ ಬೀದಿಯಲ್ಲಿ, ಅಂಗಡಿ ಅಂಗಡಿಗೆ ಹೋಗಿ. ಅವನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಕ್ಷಮಿಸಿದರೂ ಆ ಹೊಲದ ಮುಖ ವಾಪಸು ಬರುವುದಿಲ್ಲ, ಆ ಮುದುಕನ ಮಗನೂ ಬರುವುದಿಲ್ಲ.

ಶಿವಮಲ್ಲು, ಇಷ್ಟು ಮಾತ್ರ ತಿಳಿದುಕೋ. ನೀನು ಒತ್ತಿದ್ದು ಏನೂ ಅಲ್ಲ. ನಿನ್ನ ಕೈ ಸರಿಯಾಗಿಯೇ ಇದೆ ಕಣೋ.