ಉಳ್ಳೂರಿಗೆ ಹೊರಟವನು ಕ್ಯಾಶುವಾಲಿಟಿ ತಲುಪಿದ್ದು

ಗೆಳೆಯರೇ, ಇವತ್ತು ಸಂಜೆ ನಾನು ಮೆಡಿಕಲ್ ಕಾಲೇಜಿನ ಕ್ಯಾಶುವಾಲಿಟಿಯಲ್ಲಿದ್ದೆ. ಗಾಬರಿ ಬೇಡ, ಆರೋಗ್ಯವಾಗಿದ್ದೇನೆ.

ತಿರುವನಂತಪುರದಲ್ಲಿ ನನ್ನ ಮನೆ ಇರುವುದು ಉಳ್ಳೂರಿನಲ್ಲಿ. ಉಗ್ಗುವ ನನಗೆ ‘ಉ’ ಬಾಯಿಂದ ಹೊರಡುವುದೇ ಇಲ್ಲ. ಅದಕ್ಕೇ ಆಟೊದವರಿಗೆ ಅದರಾಚೆ ಇರುವ ಮೆಡಿಕಲ್ ಕಾಲೇಜಿನ ಹೆಸರು ಹೇಳಿ, ಉಳ್ಳೂರು ಬಂದಾಗ ಹೆಗಲು ತಟ್ಟಿ ಇಳಿದುಬಿಡುತ್ತೇನೆ. ಇವತ್ತು ‘ಮ’ ಕೂಡ ಕೈಕೊಟ್ಟಿತು. ಕಣ್ಣು ಮುಚ್ಚಿ, ಬೆವರು ಸುರಿಸಿ, ಅಂತೂ “ಮೆಡಿಕಲ್ ಕಾಲೇಜ್” ಎಂದೆ. ಚಾಲಕ ನನ್ನ ಮುಖ ನೋಡಿ “ಅಯ್ಯೋ!” ಎಂದವನೇ ಆಟೊ ಹಾರಿಸಿದ. ಉಳ್ಳೂರಿನಲ್ಲಿ ಹೆಗಲು ತಟ್ಟಿದೆ. “ಪೇಡಿಕ್ಕೇಂಡ, ಹೆದರಬೇಡಿ ಸಾರೇ, ಇಗೋ ಬಂದೇಬಿಡ್ತು!” ಎಂದು ಧೈರ್ಯ ಹೇಳಿದ, ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ಕ್ಯಾಶುವಾಲಿಟಿ ಬಾಗಿಲಲ್ಲಿ “ಮಾತೇ ಹೊರಡ್ತಿಲ್ಲ, ಬೇಗ!” ಎಂದು ಕೂಗಿದ. ವೀಲ್‌ಚೇರ್ ಬಂತು. ನರ್ಸ್ ನನ್ನ ಹೆಸರು ಕೇಳಿದರು. ನನಗೆ ಎಲ್ಲಕ್ಕಿಂತ ಕಷ್ಟದ ಪದ ಅದೇ. ಊರಿಗಾದರೆ ಪಕ್ಕದ ಜಾಗ ಹೇಳಬಹುದು, ಹೆಸರಿಗೆ ಬದಲಿ ಇಲ್ಲ. ಒದ್ದಾಡುವ ನನ್ನ ಬಾಯಿ ನೋಡಿ ಅವರು ಡಾಕ್ಟರನ್ನು ಕರೆದರು.

ಕೊನೆಗೆ ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದು ತೋರಿಸಿದೆ: ನನಗೆ ಉಗ್ಗು, ಅಷ್ಟೇ. ಮನೆ ಉಳ್ಳೂರಿನಲ್ಲಿ.

ನರ್ಸ್ ಅದನ್ನು ಓದಿ ಚಾಲಕನಿಗೆ ಹೇಳಿದರು. ಪಾಪ, ಅವನಿಗೆ ನಿಜಕ್ಕೂ ಬೇಸರವಾಯಿತು.

“ಉಳ್ಳೂರು ದಾಟಿ ಬಂದ್ವಲ್ಲ ಸಾರೇ! ಅಲ್ಲೇ ಒಂದು ಮಾತು ಹೇಳಬಾರದಿತ್ತಾ?”

ಚಿಕ್ಕಂದಿನಿಂದ ನಾನೂ ಅದೇ ಪ್ರಯತ್ನದಲ್ಲಿದ್ದೇನೆ.