ಗೋಮಾಳದ ಹುಲ್ಲಿಗೆ ಬಿದ್ದ ವೋಟು

ಟೀವಿಯಲ್ಲಿ ಫುಟ್‌ಬಾಲಿನ ದೊಡ್ಡ ಪಂದ್ಯಾವಳಿ ಶುರುವಾದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಜೀವನಪೂರ್ತಿ ಡ್ರಿಲ್ ಮೇಷ್ಟ್ರಾಗಿ ಮಕ್ಕಳಿಗೆ ಅದೇ ಆಟ ಕಲಿಸಿದವನು ಹೀಗೇಕೆ ಆಡುತ್ತಾನೆ ಎಂದು ಮನೆಯವಳು ಮೊದಮೊದಲು ಕೇಳುತ್ತಿದ್ದಳು, ಈಗ ಬಿಟ್ಟಿದ್ದಾಳೆ. ಆಟದ ಮೇಲೆ ನನಗೆ ಸಿಟ್ಟಿಲ್ಲ. ಆ ಪಂದ್ಯಾವಳಿ ಯಾವ ದೇಶದಲ್ಲಿ ನಡೆಯಬೇಕೆಂದು ವೋಟು ಹಾಕುವ ಮಹಾಶಯರಲ್ಲಿ ಒಬ್ಬ ನಮ್ಮೂರಿಗೆ ಬಂದು ಹೋಗಿದ್ದಾನೆ. ಅವನ ಮೇಲೆ ಸಿಟ್ಟು.

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯಲ್ಲಿದೆ. ಎರಡು ಸಾವಿರದ ಇಸವಿ ದಾಟಿದ ವರ್ಷಗಳವು. ಬಿಡದಿ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದಾಗಿ ಈಚೆಗೆ ಸರಿಯುತ್ತಿದ್ದವು. ಬಿಳಿ ಕಾರಿನಲ್ಲಿ ಬಂದವರು ಚಪ್ಪಲಿ ಕೂಡ ಬಿಡದೆ ಹೊಲದ ಬದುವಿನ ಮೇಲೆ ನಿಂತು ರೇಟು ಕೇಳುತ್ತಿದ್ದರು. ಯಾರೂ ಮಾರಲಾಗದ ನೆಲ ಅಂತ ಊರಲ್ಲಿ ಉಳಿದಿದ್ದದ್ದು ಗೋಮಾಳ ಒಂದೇ. ಹಗಲೆಲ್ಲ ಅಲ್ಲಿ ನಮ್ಮ ದೊಡ್ಡಪ್ಪನ ಕುರಿಗಳು ಮೇಯುತ್ತಿದ್ದವು. ಸಂಜೆ ಬೆಲ್ಲು ಹೊಡೆದ ಮೇಲೆ ನನ್ನ ಸ್ಕೂಲಿನ ಮಕ್ಕಳು ಹಿಕ್ಕೆ ಗುಡಿಸಿ, ಗೋಲಿಗೆ ಕಲ್ಲು ಇಟ್ಟು ಆಡುತ್ತಿದ್ದರು. ಕುರಿಯವನಿಗೂ ಆಟದವರಿಗೂ ಒಂದು ದಿನವೂ ಜಗಳವಾಗಿದ್ದಿಲ್ಲ. ಚೆಂಡು ಮಂದೆಯೊಳಗೆ ನುಗ್ಗಿದರೆ ದೊಡ್ಡಪ್ಪನೇ ಒದ್ದು ಕಳಿಸುತ್ತಿದ್ದ, ಅದೂ ಯಾವಾಗಲೂ ತಪ್ಪು ದಿಕ್ಕಿಗೆ.

ಹೀಗಿರುವಾಗ ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಬೆಂಗಳೂರಿನಿಂದ ಬಂದ. ಹೊರದೇಶದ ನೆರವಿನಲ್ಲಿ ಹಳ್ಳಿಗಳಲ್ಲಿ ಹುಲ್ಲಿನ ಮೈದಾನ ಮಾಡುತ್ತಾರಂತೆ, ನಮ್ಮ ಮಕ್ಕಳ ಆಟ ನೋಡಿ ನಮ್ಮೂರನ್ನೇ ಆರಿಸಿದ್ದಾರಂತೆ. ಅದಕ್ಕೆ ಗೋಮಾಳವನ್ನು ಸಂಘದ ಹೆಸರಿಗೆ ಮಾಡಿಕೊಡಬೇಕಂತೆ. ಊರಿನವರು ಹಿಗ್ಗಿದರು, ನಾನೂ ಹಿಗ್ಗಿದೆ. ದೊಡ್ಡಪ್ಪ ಮಾತ್ರ ಒಂದು ಮಾತು ಕೇಳಿದ. "ಅಲ್ಲಾ ಸ್ವಾಮಿ, ನಮ್ ಕುರಿ ಎಲ್ಗೋಗ್ಬೇಕು?"

"ಹಗಲೊತ್ತು ನಿಮ್ಮ ಕುರಿ ಮೇಯಲಿ ಯಜಮಾನ್ರೇ, ನಮಗೆ ಹುಲ್ಲು ಕತ್ತರಿಸೋ ಖರ್ಚು ಉಳೀತು" ಎಂದು ಕಾರ್ಯದರ್ಶಿ ನಕ್ಕ. ಎಲ್ಲರೆದುರು ಹೇಳಿದ ಮಾತು. ದೊಡ್ಡಪ್ಪನಿಗೆ ಅಷ್ಟು ಸಾಕಾಯಿತು. ಊರಿನವರೆಲ್ಲ ರುಜು ಹಾಕಿದರು, ಗೋಮಾಳ ಸಂಘದ ಹೆಸರಿಗಾಯಿತು.

ಆಮೇಲೆ ತಿಂಗಳುಗಟ್ಟಲೆ ಒಂದು ಗುದ್ದಲಿಯೂ ಬರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಸುದ್ದಿ ಬಂತು: ಮಳೆಗಾಲ ಕಳೆಯುತ್ತಲೇ ಹೊರದೇಶದ ದೊಡ್ಡ ಮನುಷ್ಯರೊಬ್ಬರು ಮೈದಾನ ನೋಡಲು ಬರುತ್ತಾರೆ. ಗೋಮಾಳ ಎಂದಿನಂತೆ ಬೋಳಾಗಿತ್ತು. ನಾನು ಸಂಘಕ್ಕೆ ಫೋನ್ ಮಾಡಿ ಮಾಡಿ ಸೋತೆ. ದೊಡ್ಡಪ್ಪ ಜಗುಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ.

"ದೂರದೇಶ್ದೋರ್ನ ಕರ್ಕೊಂಬಂದು ಬೋಳ್ ನೆಲದ್ ಮ್ಯಾಲ್ ನಿಲ್ಸಿದ್ರೆ ಊರ್ ಮರ್ವಾದೆ ಏನಾಯ್ತದ್ಲಾ? ಮಂದೆ ನಿಲ್ಲಿಸ್ತೀನಿ. ಒಸಿ ಮಳೆ ಬಿದ್ರೆ ಸಾಕು, ಗರಿಕೆ ತಾನೇ ಎದ್ದೇಳ್ತದೆ."

ನಮ್ಮ ಕಡೆ ಹೊಲಕ್ಕೆ ಗೊಬ್ಬರವಾಗಲಿ ಎಂದು ರಾತ್ರಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರೆ. ಅದಕ್ಕೆ ಹೊಲದವರು ಕುರಿಯವನಿಗೆ ಊಟ ಕೊಟ್ಟು ರಾಗಿ ಅಳೆಯಬೇಕು. ಸ್ವಂತ ಅಳಿಯನ ಹೊಲವಾದರೂ ಬಿಟ್ಟಿ ಮಂದೆ ಎಂಬುದಿಲ್ಲ. ದೊಡ್ಡಪ್ಪ ಕೇಳಿ ಬಂದ ಹೊಲಗಳನ್ನೆಲ್ಲ ಬಿಟ್ಟು, ಮುಂಗಾರು ಹಿಡಿಯುವ ತನಕ ಮಂದೆಯನ್ನು ಗೋಮಾಳದ ತುಂಬ ಒಂದೊಂದು ಪಾತಿಯಂತೆ ಸರಿಸುತ್ತಾ ನಿಲ್ಲಿಸಿದ. ದೊಡ್ಡಮ್ಮ ಬೀದಿಗೆ ಕೇಳುವಂತೆ ಬೈದಳು. "ಬರೋ ರಾಗಿ ಬುಟ್ಬುಟ್ಟು ಬಯಲ್ಗೆ ಗೊಬ್ಬರ ಹೊಡೀತಾವ್ನೆ, ಈವಯ್ಯಂಗೇನ್ ದೆವ್ವ ಮೆಟ್ಕಂಡೈತಾ?" ಮಳೆ ಬಿದ್ದ ಮೇಲೆ ಅವನು ಗೋಮಾಳಕ್ಕೆ ಮುಳ್ಳಿನ ಬೇಲಿ ಹಾಕಿ, ಚಿಗುರು ತುಳಿಯದಿರಲಿ ಎಂದು ಕುರಿಗಳನ್ನು ಕನಕಪುರದ ಕಡೆ ನೆಂಟರ ಊರಿಗೆ ಹೊಡೆದುಕೊಂಡು ಹೋದ. ತಿರುಗಿ ಬರುವಷ್ಟರಲ್ಲಿ ಗರಿಕೆ ಕಾಲು ಮುಳುಗುವಂತೆ ಎದ್ದಿತ್ತು. ನನ್ನ ಮಕ್ಕಳು ಚಪ್ಪಲಿ ಬಿಸಾಕಿ ಅದರ ಮೇಲೆ ಉರುಳಾಡಿದರು. ದೊಡ್ಡಪ್ಪನ ಅವತ್ತಿನ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅತಿಥಿ ಬಂದ. ಎತ್ತರದ, ಕೆಂಪು ಮುಖದ, ಮಾತಿಗೆ ಮೊದಲೇ ನಗುವ ಮನುಷ್ಯ. ಊಟ ದೊಡ್ಡಪ್ಪನ ಮನೆಯಲ್ಲೇ ಇತ್ತು. ಮುದ್ದೆಯನ್ನು ಅಗಿದು ನುಂಗಲು ಹೋಗಿ ಒದ್ದಾಡಿದ, ಆದರೂ ಇನ್ನೊಂದು ಕೇಳಿ ಹಾಕಿಸಿಕೊಂಡ. ಊರಿಗೆ ಊರೇ ಮೆಚ್ಚಿತು. ಆಮೇಲೆ ಗೋಮಾಳಕ್ಕೆ ಹೋದೆವು. ಅವನು ಬಗ್ಗಿ ಒಂದು ಗರಿಕೆ ಕಿತ್ತು ಮೂಸಿದ. ದೊಡ್ಡಪ್ಪ ನನ್ನ ಬೆನ್ನು ತಿವಿದ.

"ಹೇಳ್ಲಾ ಅವ್ರ್ಗೆ. ಇದು ನಮ್ ಕುರಿ ಗೊಬ್ಬರದಾಗ್ ಎದ್ದಿರೋ ಹುಲ್ಲು, ಯಾರ್ ತಾವೂ ಏನೂ ಇಸ್ಕಂಡಿಲ್ಲ, ಮಕ್ಳು ಆಡ್ಲಿ ಅಂತ ನಾವೇ ಬೆಳ್ಸಿದ್ದು ಅನ್ನು."

ಕಾರ್ಯದರ್ಶಿ ಕಣ್ಣಲ್ಲೇ ಸನ್ನೆ ಮಾಡಿ ಬೇಡವೆಂದ. ನಾನು ಹೇಳಿದೆ. ನನ್ನ ಇಂಗ್ಲಿಷ್ ಹರುಕು, ಆದರೆ ಕುರಿ, ಗೊಬ್ಬರ, ಹುಲ್ಲು, ಸಂಘದವರು ಏನೂ ಮಾಡಿಲ್ಲ ಎನ್ನುವುದಕ್ಕೆ ಬೇಕಾದಷ್ಟಿತ್ತು. ಅವನು ನನ್ನನ್ನು ನೋಡಿದ, ಕಾರ್ಯದರ್ಶಿಯನ್ನು ನೋಡಿದ, ದೊಡ್ಡಪ್ಪನ ಭುಜ ತಟ್ಟಿ "ವೆರಿ ಗುಡ್, ವೆರಿ ಗುಡ್" ಎಂದ. ಎಂದವನೇ ಹೋಗಿ ಸಂಘದವರು ನೆಡಿಸಿದ್ದ ಉದ್ಘಾಟನೆಯ ಕಲ್ಲಿನ ಮೇಲಿನ ಪರದೆ ಎಳೆದ. ಅಂತರರಾಷ್ಟ್ರೀಯ ನೆರವಿನಿಂದ ಹಾಸಲಾದ ಕೃತಕ ಹುಲ್ಲಿನ ಮೈದಾನ ಎಂದು ಕಲ್ಲಿನಲ್ಲಿ ಕೆತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಓದಲು ಬಾರದ ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಅತಿಥಿಯ ಕಾರು ಹೊರಟ ಮೇಲೆ ಕಾರ್ಯದರ್ಶಿ ನನ್ನನ್ನು ಹೆದ್ದಾರಿಯ ಹೋಟೆಲಿಗೆ ಕರೆದೊಯ್ದು ಟೀ ಕೊಡಿಸಿದ. ನಾಚಿಕೆ ಎಂಬುದು ಅವನ ಹತ್ತಿರ ಸುಳಿದಿರಲಿಲ್ಲ.

"ಮೇಷ್ಟ್ರೇ, ನೀವು ಒಳ್ಳೆಯವರು, ಬಾಯಿ ಒಂದು ಜಾಸ್ತಿ. ಯಾವುದೋ ಶ್ರೀಮಂತ ದೇಶಕ್ಕೆ ಪಂದ್ಯಾವಳಿ ಬೇಕು. ಈ ಮನುಷ್ಯನ ಕೈಲಿ ವೋಟಿದೆ. ಕೈಗೇ ದುಡ್ಡು ಕೊಟ್ಟರೆ ಲಂಚ ಅಂತಾರೆ, ಬಡ ಊರಿನ ಮೈದಾನಕ್ಕೆ ಅಂತ ಕೊಟ್ಟರೆ ಧರ್ಮ. ದಾರಿಯಲ್ಲಿ ಅವರದು ಅವರಿಗೆ, ನಮ್ಮದು ನಮಗೆ. ನಿಮ್ಮೂರಿಗೂ ಹುಲ್ಲು ಬಂತಲ್ಲ?"

"ಹುಲ್ಲು ನಮ್ಮ ಕುರೀದು ಸಾರ್."

"ಅದೇ ಹೇಳ್ತಿರೋದು. ಒಂದು ಮೂಲೆಗಾದರೂ ಪ್ಲಾಸ್ಟಿಕ್ ಹುಲ್ಲು ಹಾಸಿ ಫೋಟೋ ಹೊಡೆಸಬೇಕು ಅಂತಿದ್ವಿ. ನಿಮ್ಮ ದೊಡ್ಡಪ್ಪ ಆ ಖರ್ಚನ್ನೂ ಉಳಿಸಿಬಿಟ್ಟರು."

ಕೈಲಿದ್ದ ಟೀ ಅವನ ಬಿಳಿ ಶರಟಿಗೆ ಎರಚಬೇಕೆನಿಸಿತು. ನೆಲಕ್ಕೆ ಚೆಲ್ಲಿ, ಎದ್ದು ಬಂದೆ. ನಮ್ಮೂರಿನ ಚುನಾವಣೆಯಲ್ಲಿ ವೋಟಿಗೆ ಸೀರೆ ಹಂಚುವವರನ್ನು ನಾನು ಕಂಡಿದ್ದೇನೆ, ಬೈದೂ ಇದ್ದೇನೆ. ಅವರು ಸೀರೆಯನ್ನಾದರೂ ತಮ್ಮ ದುಡ್ಡಿನಲ್ಲಿ ತರುತ್ತಿದ್ದರು.

ಮುಂದಿನದು ಬೇಗ ಆಗಿಹೋಯಿತು. ಗೋಮಾಳದ ಸುತ್ತ ಕಾಂಪೌಂಡ್ ಎದ್ದು, ಗೇಟಿಗೆ ಬೀಗ ಬಿತ್ತು. ಕುರಿ ಹೊಡೆದುಕೊಂಡು ಹೋದ ದೊಡ್ಡಪ್ಪನಿಗೆ ವಾಚ್‌ಮನ್, ಇದು ಸಂಘದ ಜಾಗ, ಕುರಿಗಿರಿ ಬಿಡೋ ಹಾಗಿಲ್ಲ ಎಂದ. ಮಕ್ಕಳಿಗೂ ಅದೇ ಉತ್ತರ. ಮಾರನೆಯ ವರ್ಷ ಒಳಗೆ ಯಾವುದೋ ಫ್ಯಾಕ್ಟರಿಯ ಗೋದಾಮು ಎದ್ದು, ಲಾರಿಗಳು ಗರಿಕೆಯ ಮೇಲೆ ನಿಂತವು. ಆಗಷ್ಟೇ ಜಿಲ್ಲೆಯಾಗಿದ್ದ ರಾಮನಗರಕ್ಕೆ ನಾನು ದೂರು ಹಿಡಿದು ಓಡಾಡಿದೆ. ಕೊನೆಗೆ ಒಬ್ಬ ಅಧಿಕಾರಿ ಕೂರಿಸಿ, ನಿಧಾನವಾಗಿ ಕೇಳಿದರು. "ಮೈದಾನ ಆಗಿತ್ತು ತಾನೇ? ಹುಲ್ಲು ಇತ್ತು ತಾನೇ? ಹೊರದೇಶದವರೇ ಬಂದು ನೋಡಿ ಒಪ್ಪಿದ್ದಾರೆ. ಇನ್ನೇನು ದೂರು ನಿಮ್ಮದು?" ಕುರಿ ಕೇಳಿ ಮಸಾಲೆ ಅರೀತಾರಾ ಎನ್ನುತ್ತಾರೆ. ಇಲ್ಲಿ ಮಸಾಲೆಯನ್ನೂ ಕುರಿಯ ಕೈಲೇ ಅರೆಸಿದ್ದರು. ಆ ಶ್ರೀಮಂತ ದೇಶಕ್ಕೆ ಪಂದ್ಯಾವಳಿ ಸಿಕ್ಕಿತೋ ಇಲ್ಲವೋ ಪೇಪರಿನಲ್ಲಿ ಬಂದಿರಬೇಕು. ನಾನು ಓದಲಿಲ್ಲ.

ಮೇವಿಲ್ಲದೆ ದೊಡ್ಡಪ್ಪ ಕುರಿಗಳನ್ನು ಮಾರಿದ. ಕೊನೆಯ ಕುರಿಯನ್ನೂ ಸಂತೆಗೆ ಬಿಟ್ಟು ಬಂದ ದಿನ ನಮ್ಮ ಮನೆಗೆ ಬಂದು, ನೀರು ಕುಡಿದು, ಚೊಂಬು ಕೆಳಗಿಟ್ಟ. ಆಮೇಲೆ ಕೇಳಿದ.

"ಅವತ್ತು ನೀನು ಅವ್ರ್ಗೆ ಏನಂತ ಹೇಳ್ದೆ?"

"ನೀನು ಹೇಳಿದ್ದನ್ನೇ ಹೇಳ್ದೆ ದೊಡ್ಡಪ್ಪ."

"ಅವ್ರ್ಗೆ ಅರ್ಥ ಆಗಿರಾಕಿಲ್ಲ."

"ಆಗಿತ್ತು. ಚೆನ್ನಾಗೇ ಅರ್ಥ ಆಗಿತ್ತು."

"ಇಲ್ಲ ಕಣ್ಲಾ. ಉಂಡ ಮನೆಗೆ ಎರಡು ಬಗೆಯೋ ಮನುಷ್ಯನಲ್ಲ ಅವ್ನು. ಕೇಳಿ ಇಕ್ಕಿಸ್ಕಂಡ್ ಉಂಡವ್ನೆ. ಅರ್ಥ ಆಗಿದ್ರೆ ಹಿಂಗ್ ಮಾಡ್ತಿರ್ನಿಲ್ಲ. ನಿನ್ ಇಂಗ್ಲಿಷೇ ಸರಿಗಿಲ್ಲ."

ನಾಲಿಗೆಯ ತುದಿಗೆ ಎಲ್ಲ ಬಂತು: ಕಲ್ಲಿನ ಮೇಲಿನ ಬರಹ, ಹೋಟೆಲಿನ ಮಾತು, ಅವನ ಮಂದೆಯೇ ಅವರಿಗೆ ಸಾಕ್ಷಿಯಾದದ್ದು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ತಲೆ ತಗ್ಗಿಸಿ, "ಇರಬೋದು ದೊಡ್ಡಪ್ಪ" ಎಂದೆ.

ಅವತ್ತಿನಿಂದ ಮದುವೆಯಲ್ಲಿ, ತಿಥಿಯಲ್ಲಿ, ಬಸ್ಸಿಗೆ ಕಾಯುವ ಕಡೆ, ಸಿಕ್ಕಿದವರಿಗೆಲ್ಲ ನನ್ನನ್ನು ತೋರಿಸಿ, "ನಮ್ ಗೋಮಾಳ ಹೋಗಿದ್ದು ಇವನ್ ಇಂಗ್ಲಿಷ್‌ನಿಂದ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ಎದುರಾಡಲಿಲ್ಲ. ಸಾಯುವ ತನಕ ಅವನು ಆ ಮನುಷ್ಯನನ್ನು ಒಳ್ಳೆಯವನೆಂದು ನಂಬಿದ, ನನ್ನನ್ನು ದಡ್ಡನೆಂದು.