ಪರದೆ ಕಪ್ಪಾದ ಹೊತ್ತು

ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಕೊರಗಣ್ಣ "ವಿಡಿಯೋ" ಎಂದು ಹೇಳಿ ಮಾತು ಮುಗಿಸುತ್ತಿದ್ದ. ಮುಂಬಯಿಯ ಫೋರ್ಟ್‌ನ ಉಡುಪಿ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆಯೇ ಆಯುಷ್ಯ ಕಳೆದವನು ಅವನು. ಅವನ ಲೆಕ್ಕದಲ್ಲಿ ವಿಡಿಯೋ ಎಂದರೆ ಮದುವೆಮನೆಯಲ್ಲಿ ಉಣ್ಣುತ್ತ ಕೂತವರ ಮುಖಕ್ಕೆ ಲೈಟು ಹಿಡಿಯುವುದು. ಅದಕ್ಕೆ ಇಷ್ಟು ಓದಿಸಬೇಕಿತ್ತೇ ಎಂದು ಹೆಂಡತಿ ಸೇವಂತಿಯ ಹತ್ತಿರ ಗೊಣಗಿದ್ದೂ ಉಂಟು.

ವಿಜೇತಾ ಶುರು ಮಾಡಿದ್ದು ಮದುವೆಮನೆಗಳಲ್ಲೇ. ವಿಲೆ ಪಾರ್ಲೆಯಲ್ಲಿ ಸಣ್ಣ ವಿಡಿಯೋ ಕಂಪನಿ ನಡೆಸುತ್ತಿದ್ದ, ಕಲಬುರಗಿ ಕಡೆಯ ಶ್ರೀಮಂತ ಎಂಬವರ ಬಳಿ ಕೇಬಲ್ ಸುತ್ತುವ ಕೆಲಸಕ್ಕೆ ಸೇರಿದಳು. ದಿನವೂ ಸಯನ್‌ನಿಂದ ಬಂದು ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಭಾರದ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಹೋಗುತ್ತಿದ್ದಳು. ಅವಳಿಗೆ ಕ್ಯಾಮೆರಾಕ್ಕಿಂತ ಹೆಚ್ಚು ಹಿಡಿಸಿದ್ದು ಕ್ಯಾಮೆರಾ ಕೆಡುವುದು! ಚಿತ್ರ ಬಾರದಿದ್ದರೆ ಉಳಿದವರೆಲ್ಲ ಒಮ್ಮೆಗೇ ನಾಲ್ಕು ವಯರು ಕಿತ್ತು ಚುಚ್ಚಿ ನೋಡುತ್ತಿದ್ದರು. ಇವಳು ಒಂದೇ ವಯರು ಬದಲಿಸಿ, ನಿಂತು ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಿದ್ದಳು. ಚೆಂಬೂರಿನ ಒಂದು ಮದುವೆಯಲ್ಲಿ ಭಟ್ಟರ ಮಂತ್ರದ ನಡುವೆ ಚರಚರ ಸದ್ದು ಬರುತ್ತಿತ್ತು. ಎಲ್ಲರೂ ಸ್ಪೀಕರು ಕೆಟ್ಟಿದೆ ಎಂದರು. ವಿಜೇತಾ ಭಟ್ಟರನ್ನೇ ಗಮನಿಸಿದಳು. ಅವರು ಕೈ ಎತ್ತಿದಾಗ ಮಾತ್ರ ಸದ್ದು. ಗಂಜಿ ಹಾಕಿದ ಹೊಸ ಶಾಲು ಕಾಲರ್ ಮೈಕಿಗೆ ಉಜ್ಜುತ್ತಿತ್ತು. ಅಂದಿನಿಂದ ಶ್ರೀಮಂತ ಅವರು ಯಾವ ಯಂತ್ರ ಮುನಿದರೂ "ವಿಜೇತಾನ್ನ ಕರೀರಿ" ಎನ್ನತೊಡಗಿದರು.

ಕಂಪನಿಗೆ ಮುಂದೆ ಆಸ್ಪತ್ರೆಗಳ ಕೆಲಸ ಸಿಗತೊಡಗಿತು. ದೊಡ್ಡ ಸರ್ಜನ್ ಒಬ್ಬರು ಆಪರೇಷನ್ ಮಾಡುತ್ತಿರುವುದನ್ನು ಬೇರೆ ಕಟ್ಟಡದ ಹಾಲಿನಲ್ಲಿ ಕೂತ ಎಳೆಯ ಡಾಕ್ಟರುಗಳಿಗೆ ಪರದೆಯ ಮೇಲೆ ಆ ಕ್ಷಣಕ್ಕೇ ತೋರಿಸುವುದು; ಅವರು ಪ್ರಶ್ನೆ ಕೇಳಿದರೆ ಸರ್ಜನ್ ಕೈ ನಿಲ್ಲಿಸದೆ ಉತ್ತರಿಸುವುದು. ಮೊದಲ ಸಲ ಆಪರೇಷನ್ ಥಿಯೇಟರಿನೊಳಗೆ ಹೋದಾಗ ವಿಜೇತಾಳಿಗೆ ಕಣ್ಣು ಕತ್ತಲಿಟ್ಟು, ಸಿಸ್ಟರ್ ಒಬ್ಬರು ಅವಳನ್ನು ಗೋಡೆಗೊರಗಿಸಿ ಕೂರಿಸಬೇಕಾಯಿತು. ಎರಡನೆಯ ಸಲ ಅವಳು ಟೇಬಲಿನ ಕಡೆ ನೋಡಲಿಲ್ಲ, ತನ್ನ ಪುಟ್ಟ ಪರದೆಯನ್ನಷ್ಟೇ ನೋಡಿದಳು. ಆಮೇಲೆ ಎರಡನ್ನೂ ನೋಡುವುದು ರೂಢಿಯಾಯಿತು.

ಅವಳ ಹೆಸರು ನಾಲ್ಕು ಜನರ ಬಾಯಿಗೆ ಬಂದದ್ದು ಕಳೆದ ವರ್ಷದ ಒಂದು ಬೆಳಗಿನ ಕೆಲಸದಿಂದ.

ಆ ದಿನ ಡಾಕ್ಟರ್ ಶೈಲಾ ಎಂಬ ಸರ್ಜನ್ ಪಿತ್ತಕೋಶದ ಆಪರೇಷನ್ ಮಾಡುವವರಿದ್ದರು. ಮುಂಬಯಿಯಲ್ಲಿ ಜನ ದುರ್ಬೀನ್ ಆಪರೇಷನ್ ಎನ್ನುತ್ತಾರಲ್ಲ, ಅದು. ಹೊಟ್ಟೆಯನ್ನು ಕೊಯ್ದು ತೆರೆಯುವುದಿಲ್ಲ. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ, ಎದುರಿನ ಮಾನಿಟರ್ ನೋಡಿಕೊಂಡೇ ಒಳಗೆ ಕೆಲಸ ಮಾಡುತ್ತಾರೆ. ಆ ದುರ್ಬೀನಿನ ಯಂತ್ರದಿಂದ ವಿಜೇತಾ ಒಂದು ಕೇಬಲ್ ಎಳೆದು ಪಕ್ಕದ ಕಟ್ಟಡದ ಹಾಲಿಗೆ ಒಯ್ದಿದ್ದಳು. ಡಾಕ್ಟರರ ಮುಖ, ಕೈ ತೋರಿಸಲು ಮೂಲೆಯಲ್ಲಿ ಬ್ಯಾಟರಿಯಿಂದ ನಡೆಯುವ ತನ್ನದೇ ಕ್ಯಾಮೆರಾ ನಿಲ್ಲಿಸಿದ್ದಳು. ಹಿಂದಿನ ಸಂಜೆ ಎಲ್ಲವನ್ನೂ ಪರೀಕ್ಷೆ ಮಾಡಿಯಾಗಿತ್ತು. ಚಿತ್ರ ಕನ್ನಡಿಯಂತೆ ಬಂದಿತ್ತು. ಹಾಲಿನಲ್ಲಿ ಶ್ರೀಮಂತ ಕೂತಿದ್ದರು, ಇವಳು ಥಿಯೇಟರಿನಲ್ಲಿ, ಇಬ್ಬರ ಕಿವಿಯಲ್ಲೂ ಹೆಡ್‌ಸೆಟ್.

ಆಪರೇಷನ್ ಶುರುವಾಗಿ ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ರಕ್ತ ಒಸರದಂತೆ ಸುಡುವ ಕಾಟರಿ ಎಂಬ ಯಂತ್ರದ ಪೆಡಲನ್ನು ಡಾಕ್ಟರ್ ಶೈಲಾ ಕಾಲಿನಿಂದ ಒತ್ತಿದರು. ಕೂಡಲೇ ವಿಜೇತಾಳ ಕಿವಿಯಲ್ಲಿ ಗೊರ್ರೆಂಬ ಸದ್ದು.

"ಏನಿದು? ಹಾಲ್‌ನ್ಯಾಗ ಮಂದಿ ಕಿವಿ ಮುಚ್ಕೊಳಾಕತ್ತಾರ!" ಎಂದರು ಶ್ರೀಮಂತ. "ಸ್ಕ್ರೀನ್ ಮ್ಯಾಗೂ ಗೆರಿ ಬರಾಕತ್ತಾವ."

"ಸಾರ್, ಡಾಕ್ಟರ ಮೈಕ್ ಒಮ್ಮೆ ಬಂದ್ ಮಾಡಿ ನೋಡಿ."

ಅವರು ಬಂದ್ ಮಾಡಿದರು. ಸದ್ದು ನಿಲ್ಲಲಿಲ್ಲ. ಹಾಗಾದರೆ ದೋಷ ಮೈಕಿನದಲ್ಲ. ಪೆಡಲಿನಿಂದ ಕಾಲು ತೆಗೆದಾಗ ಸದ್ದು ಇಳಿಯುತ್ತಿತ್ತು, ಒತ್ತಿದಾಗ ಏರುತ್ತಿತ್ತು. ಹಿಂದಿನ ಸಂಜೆ ಕಾಟರಿಯನ್ನು ಯಾರೂ ಹಚ್ಚಿರಲಿಲ್ಲ ಎಂಬುದು ವಿಜೇತಾಳಿಗೆ ಆಗ ಹೊಳೆಯಿತು. ಅದು ಹೊಳೆಯುವ ಹೊತ್ತಿಗೇ ಡಾಕ್ಟರ್ ಶೈಲಾ ಕೈ ನಿಲ್ಲಿಸಿದರು.

"ನನ್ನ ಮಾನಿಟರಿನಲ್ಲಿ ಏನಾಗುತ್ತಿದೆ?" ಎಂದು ಹಿಂದಿಯಲ್ಲಿ ಕೇಳಿದರು. ದನಿ ಏರಿರಲಿಲ್ಲ, ಆದರೆ ಥಿಯೇಟರಿನಲ್ಲಿದ್ದವರೆಲ್ಲ ತಲೆ ಎತ್ತಿದರು.

ವಿಜೇತಾ ನೋಡಿದಳು. ಹಾಲಿನ ಪರದೆಯ ಮೇಲಿದ್ದ ಬಿಳಿ ಗೆರೆಗಳು ಡಾಕ್ಟರರ ಮಾನಿಟರಿನ ಮೇಲೂ ಅಡ್ಡಡ್ಡ ಓಡುತ್ತಿದ್ದವು. ಒಳಗಿನ ಒಂದು ಸಣ್ಣ ರಕ್ತನಾಳ ಆ ಗೆರೆಗಳ ಹಿಂದೆ ಕಂಡು ಕಂಡು ಮರೆಯಾಗುತ್ತಿತ್ತು. ಟೇಬಲಿನ ಮೇಲೆ ಮಲಗಿದ್ದ ಹೆಂಗಸಿನ ಮುಖ ಹೊದಿಕೆಯ ಆಚೆಗಿತ್ತು. ಒಂದು ಕೈ ಮಾತ್ರ ಕಾಣುತ್ತಿತ್ತು, ಉಗುರಿನಲ್ಲಿ ಅರ್ಧ ಮಾಸಿದ ಮೆಹಂದಿ.

"ಸಾರ್, ಗೆರೆ ಡಾಕ್ಟರ ಮಾನಿಟರಿನಲ್ಲೂ ಉಂಟು," ಎಂದಳು ವಿಜೇತಾ. "ಎರಡನ್ನೂ ಜೋಡಿಸಿದ್ದು ನಮ್ಮ ಕೇಬಲೇ, ಅದರಿಂದಲೇ ಬರುದು. ಎಳೀತೇನೆ."

"ಏ ತಡಿ, ತಡಿ! ಎಳದ್ರ ಸ್ಕ್ರೀನ್ ಕಪ್ಪಾಗ್ತದ. ಊರೂರಿಂದ ಡಾಕ್ಟರ್ ಬಂದು ಕುಂತಾರ. ಮೊದಲ ಬ್ಯಾರೆ ಏನರ ನೋಡು."

ನೇರ ಪ್ರಸಾರದ ಕೆಲಸದಲ್ಲಿ ಕಪ್ಪು ಪರದೆಗಿಂತ ದೊಡ್ಡ ಅವಮಾನ ಇಲ್ಲ. ಏನೇ ಆಗಲಿ, ಪರದೆಯ ಮೇಲೆ ಏನಾದರೂ ಇರಬೇಕು ಎಂದು ಅವಳಿಗೆ ಕಲಿಸಿದವರೂ ಶ್ರೀಮಂತ ಅವರೇ. ಹೊಸ ಕೇಬಲ್ ಹಾಕಿ ನೋಡಬಹುದಿತ್ತು, ನಡುವೆ ಸಿಗ್ನಲ್ ದಾಟಿಸುವ ಪೆಟ್ಟಿಗೆ ಬದಲಿಸಬಹುದಿತ್ತು. ಆದರೆ ಪರೀಕ್ಷೆ ಮಾಡುತ್ತ ಹೋಗುವುದು ಮದುವೆಮನೆಯ ಮಾತು. ಇಲ್ಲಿ ಪರೀಕ್ಷೆ ಮುಗಿಯುವವರೆಗೆ ಡಾಕ್ಟರರ ಕಣ್ಣು ಮಂಜಾಗಿರುತ್ತದೆ.

"ಆಗುದಿಲ್ಲ ಸಾರ್. ಒಳಗೆ ಮನುಷ್ಯರು ಇದ್ದಾರೆ," ಎಂದವಳೇ ಯಂತ್ರದ ಹಿಂದೆ ಬಗ್ಗಿ ತನ್ನ ಕೇಬಲನ್ನು ಕಿತ್ತಳು.

ಡಾಕ್ಟರರ ಮಾನಿಟರ್ ಒಮ್ಮೆ ಮಿಣುಕಿ ತಿಳಿಯಾಯಿತು. ಡಾಕ್ಟರ್ ಶೈಲಾ ಪೆಡಲ್ ಒತ್ತಿ ನೋಡಿದರು. ಒಂದೂ ಗೆರೆಯಿಲ್ಲ. ಅವರ ಕೈ ಮತ್ತೆ ಚಲಿಸಿತು.

ಹೆಡ್‌ಸೆಟ್ಟಿನಲ್ಲಿ ಹಾಲಿನ ಗದ್ದಲ, ಅದರ ನಡುವೆ ಶ್ರೀಮಂತ ಅವರ ನಿಟ್ಟುಸಿರು: "ಕಪ್ಪಾತು ನೋಡವಾ."

ವಿಜೇತಾಳ ತಲೆ ಓಡುತ್ತಿತ್ತು. ದುರ್ಬೀನಿನ ಯಂತ್ರವನ್ನು ಇನ್ನು ಮುಟ್ಟುವಂತಿಲ್ಲ. ಮುಟ್ಟದೆ ಅದರ ಚಿತ್ರ ಬೇಕು. ಡಾಕ್ಟರರ ಎದುರಿಗೆ ನಿಂತ ಸಹಾಯಕ ಡಾಕ್ಟರರಿಗಾಗಿ ಎರಡನೆಯ ಮಾನಿಟರ್ ಒಂದಿತ್ತು. ಅವಳ ಸ್ವಂತ ಕ್ಯಾಮೆರಾ ಮೂಲೆಯಲ್ಲೇ ಇತ್ತು, ಅದರ ಕೇಬಲ್ ಆಸ್ಪತ್ರೆಯ ಯಾವ ಯಂತ್ರಕ್ಕೂ ತಾಗಿರಲಿಲ್ಲ. ಸಿಸ್ಟರನ್ನು ಕೇಳಿ, ಅವರು ನೆಲದ ಮೇಲೆ ತೋರಿಸಿದ ಗೆರೆಯಿಂದಾಚೆ ಕಾಲಿಡದೆ, ಸ್ಟ್ಯಾಂಡನ್ನು ಮೆಲ್ಲಗೆ ಸರಿಸಿ ಕ್ಯಾಮೆರಾವನ್ನು ಆ ಮಾನಿಟರಿನತ್ತ ತಿರುಗಿಸಿದಳು.

"ಬಂತು, ಬಂತು! ಆದ್ರ ಕರೀ ಪಟ್ಟಿ ಒಂದು ಮ್ಯಾಲಿಂದ ಕೆಳಗ ಉರುಳಾಕತ್ತೇತಿ."

ಮಾನಿಟರ್ ಮಿನುಗುವ ವೇಗಕ್ಕೂ ಕ್ಯಾಮೆರಾ ಕಣ್ಣು ಮುಚ್ಚಿ ತೆರೆಯುವ ವೇಗಕ್ಕೂ ಹೊಂದದಿದ್ದರೆ ಹಾಗಾಗುತ್ತದೆ. ಅವಳು ಕ್ಯಾಮೆರಾದ ವೇಗವನ್ನು ಒಂದೊಂದೇ ಹೆಜ್ಜೆ ತಿದ್ದುತ್ತ ಹೋದಳು. ಪಟ್ಟಿಯ ಓಟ ನಿಧಾನವಾಯಿತು, ನಿಂತಿತು, ಮಾಯವಾಯಿತು. ಬಣ್ಣ ನೀಲಿಗೆ ತಿರುಗಿತ್ತು. ಅದನ್ನೂ ಸರಿ ಮಾಡಿದಳು.

"ಈಗ ಡಾಕ್ಟರ ಮೈಕ್ ಆನ್ ಮಾಡಿ ಸಾರ್."

ಗೊರ್ರೆಂಬ ಸದ್ದು ಕೇಬಲಿನ ಜೊತೆಗೇ ಹೋಗಿತ್ತು. ಡಾಕ್ಟರ್ ಶೈಲಾ ಅವರ ಮಾತು ಹಾಲಿನಲ್ಲಿ ಸ್ಪಷ್ಟವಾಗಿ ಕೇಳಿತು. ಚಿತ್ರ ಮೊದಲಿನಷ್ಟು ಚೂಪಾಗಿರಲಿಲ್ಲ, ನಿಜ. ಆದರೆ ಯಾವ ನಾಳ ಎಲ್ಲಿದೆ ಎಂದು ಹಾಲಿನಲ್ಲಿದ್ದವರಿಗೆ ಕಾಣುತ್ತಿತ್ತು, ಸರ್ಜನ್ನರಿಗೆ ಅದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಕೈಗವಸು ಕಳಚುತ್ತ ಡಾಕ್ಟರ್ ಶೈಲಾ ಅವಳ ಬಳಿ ಬಂದರು. "ನೀನು ಫೋನಿನ್ಯಾಗ ಮಾತಾಡಿದ್ದು ಎಲ್ಲಾ ತಿಳೀತವಾ. ನಾನೂ ಧಾರವಾಡದಾಕಿ," ಎಂದರು. "ನಿಮ್ಮ ಸಾಹೇಬ್ರು ಬ್ಯಾಡ ಅಂದಿರಬೇಕಲ್ಲ, ಅಂಜಿಕಿ ಬರಲಿಲ್ಲೇನು?"

"ಬಂತು ಡಾಕ್ಟ್ರೇ. ಈಗಲೂ ಉಂಟು."

ಅವರು ನಕ್ಕರು. "ಅಂಜಿಕಿ ನನಗೂ ಇರತದ. ಇರಬೇಕು. ಮುಂದಿನ ಆಪರೇಷನ್‌ಗೂ ನೀನೇ ಒಳಗ ಇರು."

ಮಧ್ಯಾಹ್ನ ಆಸ್ಪತ್ರೆಯ ಇಂಜಿನಿಯರ್ ಮತ್ತು ವಿಜೇತಾ ಸೇರಿ ಕಾರಣ ಹುಡುಕಿದರು. ಥಿಯೇಟರಿನ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಒಂದು, ಹಾಲಿನ ಕಟ್ಟಡದ್ದು ಇನ್ನೊಂದು. ಅವಳ ಉದ್ದನೆಯ ಕೇಬಲ್ ಎರಡನ್ನೂ ಜೋಡಿಸಿಬಿಟ್ಟಿತ್ತು. ಕಾಟರಿ ಹಚ್ಚಿದಾಗ ಅದರ ಕಾಟ ಆ ದಾರಿ ಹಿಡಿದು ಎರಡೂ ಕಡೆ ನುಗ್ಗಿತ್ತು. ತಂತಿಯ ಬದಲು ಬೆಳಕಿನ ಮೂಲಕ ಚಿತ್ರ ಸಾಗಿಸುವ ಫೈಬರ್ ಕೇಬಲ್ ಹಾಕಿದರೆ ಜೋಡಣೆಯೇ ಇರುವುದಿಲ್ಲ. ಅದು ವಿಲೆ ಪಾರ್ಲೆಯ ಆಫೀಸಿನಲ್ಲಿತ್ತು. ಶ್ರೀಮಂತ ಯಾರನ್ನೂ ಕಳಿಸದೆ ತಾವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಂದರು. ಕೇಬಲಿನ ಸುರುಳಿಯನ್ನು ಅವಳ ಕೈಗೆ ಕೊಡುವಾಗ ಒಂದು ಕ್ಷಣ ಬಿಡದೆ ಹಿಡಿದುಕೊಂಡರು.

"ಸ್ಕ್ರೀನ್ ಕಪ್ಪಾದಾಗ ನನ್ನ ಎದಿ ಧಸಕ್ ಅಂತು. ಸಿಟ್ಟೂ ಬಂದಿತ್ತು. ಆದ್ರ ನೀ ಮಾಡಿದ್ದೇ ಖರೆ. ನಾ ಅಲ್ಲಿದ್ರ ಎಳೀತಿದ್ದಿಲ್ಲವಾ, ಇನ್ನಷ್ಟು ಹೊತ್ತು ನೋಡ್ತಿದ್ದೆ."

ಎರಡನೆಯ ಆಪರೇಷನ್ನಿಗೆ ಮೊದಲು ವಿಜೇತಾ ಫೈಬರ್ ಕೇಬಲ್ ಜೋಡಿಸಿ, ಡಾಕ್ಟರರಿಂದ ಕಾಟರಿ ಹಚ್ಚಿಸಿ ನೋಡಿದಳು. ಒಂದು ಗೆರೆಯೂ ಬರಲಿಲ್ಲ.

ಆ ಭಾನುವಾರ ಕೊರಗಣ್ಣ ಹೆಂಡತಿ, ಮಗಳನ್ನು ಕರೆದುಕೊಂಡು ಫೋರ್ಟಿಗೆ, ತನ್ನ ಹಳೆಯ ಹೋಟೆಲಿಗೆ ಹೋದ. ನಡೆದದ್ದನ್ನು ವಿಜೇತಾ ಮನೆಯಲ್ಲಿ ತುಳುವಿನಲ್ಲಿ ಬಿಡಿಸಿ ಹೇಳಿದ್ದಳು. ಅವನು ಅದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹಳೆಯ ಸ್ನೇಹಿತ ತಿಲಕನ ಮುಂದೆ ನಿಂತು, ನಾಲ್ಕು ಟೇಬಲಿಗೆ ಕೇಳುವಂತೆ ಶುರು ಮಾಡಿದ.

"ಆಪರೇಷನ್ ಮಧ್ಯದಲ್ಲಿ ಡಾಕ್ಟ್ರಿಗೆ ಕಾಣುದೇ ನಿಂತುಹೋಯ್ತು ಮಾರಾಯ! ಆಗ ಇವಳು ಯಜಮಾನರು ಬೇಡ ಹೇಳಿದ್ರೂ ಕೇಳದೆ ಸರಿ ಮಾಡಿದ್ಳು."

"ನಿನ್ನ ಮಗಳು ಡಾಕ್ಟ್ರಾ?" ಎಂದ ತಿಲಕ.

"ಅಲ್ಲ. ವಿಡಿಯೋ," ಎಂದ ಕೊರಗಣ್ಣ. ಈ ಸಲ ಮಾತು ಅಲ್ಲಿಗೆ ಮುಗಿಯಲಿಲ್ಲ. ಕೇಬಲ್, ಅರ್ಥಿಂಗ್, ಎರಡನೆಯ ಮಾನಿಟರ್ ಎಲ್ಲವನ್ನೂ ಹಿಂದುಮುಂದಾಗಿ ವಿವರಿಸತೊಡಗಿದ. ಸೇವಂತಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು.

"ಅಪ್ಪಾ, ಆ ಕೇಬಲ್ ಹಾಕಿದ್ದು ಕೂಡ ನಾನೇ, ಅದನ್ನೂ ಹೇಳಿ," ಎಂದಳು ವಿಜೇತಾ.

"ಅದನ್ನು ನೀನು ಹೇಳು. ನೀನು ತೆಗೆದದ್ದನ್ನು ನಾನು ಹೇಳ್ತೇನೆ," ಎಂದು ಕೊರಗಣ್ಣ ತಿಲಕನ ಕಡೆ ತಿರುಗಿ ಮತ್ತೆ ಮೊದಲಿನಿಂದ ಶುರು ಮಾಡಿದ.